ರ‍್ಯಾಕ್‌ಗೆ ಗಿಡ್ಡ ಪ್ಯಾಚ್ ಕೇಬಲ್: ಕತ್ತರಿಸಿ ನೋಡಿದ್ದು, ಆರಿಸಿದ್ದು, ಹಾಕಿದ್ದು

ನೆಟ್‌ವರ್ಕ್‌ನ ಸಾಧನಗಳನ್ನೆಲ್ಲ ಕೇಬಲ್‌ಗಳಿಂದ ಜೋಡಿಸುವ ಸ್ವಿಚ್ ಹೊಸದು. ಗೋಡೆಯೊಳಗಿನ ಕೇಬಲ್ ಮೊದಲಿನಿಂದಲೂ ಚೆನ್ನಾಗಿಯೇ ಇತ್ತು. ಆದರೂ ಎರಡು ಕಡೆ ನೆಟ್‌ವರ್ಕ್ ವೇಗ ಬರುತ್ತಿರಲಿಲ್ಲ. ಗೋಡೆಯ ಕೇಬಲ್‌ಗಳು ಬಂದು ಸೇರುವ ಪ್ಯಾಚ್ ಪ್ಯಾನೆಲ್‌ಗೂ ಸ್ವಿಚ್‌ಗೂ ನಡುವೆ ಇರುವ ಗಿಡ್ಡ ಪ್ಯಾಚ್ ಕೇಬಲ್‌ಗಳ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ, ಅಲ್ವಾ? ಒಂದು ರೌಟರ್ ಡಬ್ಬದಲ್ಲಿ ಬಂದಿರುತ್ತದೆ, ಇನ್ನೊಂದು ಎಲ್ಲಿಂದ ಬಂತೆಂದೇ ಗೊತ್ತಿರುವುದಿಲ್ಲ. ಈ ಸಲ ಅವನ್ನೆಲ್ಲ ತೆಗೆದು, ಒಂದೊಂದು ಜಾಗಕ್ಕೂ ಅಳತೆ ಮಾಡಿ ಹೊಸ ಕೇಬಲ್ ಹಾಕಿದೆ. ಆ ಕೆಲಸದ ವಿವರ ಇಲ್ಲಿದೆ.

ರ‍್ಯಾಕ್ ಅಂದರೆ ಇವನ್ನೆಲ್ಲ ಕೂರಿಸುವ ಪೆಟ್ಟಿಗೆ, ಗೋಡೆಗೆ ಹಾಕುವ ಚಿಕ್ಕದು. ಮೇಲೆ 24 ಪೋರ್ಟ್‌ನ ಪ್ಯಾಚ್ ಪ್ಯಾನೆಲ್. ಅದರ ಕೆಳಗೆ ಹೊಸ ಸ್ವಿಚ್: 2.5 ಗಿಗಾಬಿಟ್‌ನ 8 ಪಿಒಇ (ಅದೇ ಕೇಬಲ್‌ನಲ್ಲಿ ಕರೆಂಟ್ ಕೂಡ ಕೊಡುವ) ಪೋರ್ಟ್, 10 ಗಿಗಾಬಿಟ್‌ನ 2 ಆರ್‌ಜೆ45 (ಮಾಮೂಲಿ ನೆಟ್‌ವರ್ಕ್ ಪ್ಲಗ್ ಸೇರುವ) ಪೋರ್ಟ್, ಜೊತೆಗೆ ಬೇರೆ ಮಾಡ್ಯೂಲ್ ತೂರಿಸುವ 2 ಎಸ್‌ಎಫ್‌ಪಿ ಪ್ಲಸ್ ಕಿಂಡಿ. ಅದರ ಕೆಳಗೆ ಕ್ಯಾಮೆರಾಗಳಿಗೆ ಉಳಿಸಿಕೊಂಡ ಹಳೆಯ ಒಂದು ಗಿಗಾಬಿಟ್ ಸ್ವಿಚ್. ತಳದ ಶೆಲ್ಫ್ ಮೇಲೆ ನಾಸ್, ಅಂದರೆ ನೆಟ್‌ವರ್ಕ್‌ನಲ್ಲಿ ಫೈಲ್‌ಗಳನ್ನು ಇಟ್ಟುಕೊಳ್ಳುವ ಯಂತ್ರ. ಹಳೆಯ ಪ್ಯಾಚ್ ಕೇಬಲ್‌ಗಳು ಹೆಚ್ಚಿನವು 2 ಮೀಟರ್ ಉದ್ದ. ಎರಡು ಗೇಣು ದೂರಕ್ಕೆ 2 ಮೀಟರ್ ಕೇಬಲ್ ಹಾಕಿದರೆ ಉಳಿದದ್ದೆಲ್ಲ ಬಾಗಿಲ ಹಿಂದೆ ಗಂಟುಗಂಟಾಗಿ ತುಂಬಿಕೊಳ್ಳುತ್ತದೆ. ಒಂದು ಎಳೆದರೆ ಇನ್ನೊಂದು ಅಲುಗುತ್ತದೆ.

ತೊಂದರೆ ಎರಡು. ಒಂದು ವೈಫೈ ಆಕ್ಸೆಸ್ ಪಾಯಿಂಟ್‌ನ ಲಿಂಕ್ 2.5 ಗಿಗಾಬಿಟ್ ಬದಲು 100 ಮೆಗಾಬಿಟ್‌ನಲ್ಲಿ ನಿಂತಿತ್ತು. ನಾಸ್‌ನ ಲಿಂಕ್ 10 ಗಿಗಾಬಿಟ್ ಅಂತಲೇ ತೋರಿಸುತ್ತಿತ್ತು, ಆದರೆ ದೊಡ್ಡ ಫೈಲ್ ಕಾಪಿ ಮಾಡುವಾಗ ವೇಗ ಇದ್ದಕ್ಕಿದ್ದಂತೆ ಕುಸಿದು, ಮತ್ತೆ ಏರಿ, ಮತ್ತೆ ಕುಸಿಯುತ್ತಿತ್ತು. ಸ್ವಿಚ್‌ನ ಪೋರ್ಟ್ ಲೆಕ್ಕಗಳಲ್ಲಿ ನೋಡಿದರೆ ನಾಸ್ ಪೋರ್ಟ್‌ನ ಸಿಆರ್‌ಸಿ ಎರರ್ ಸಂಖ್ಯೆ ಏರುತ್ತಲೇ ಇತ್ತು. ಬಂದ ಪ್ಯಾಕೆಟ್ ದಾರಿಯಲ್ಲಿ ಕೆಟ್ಟಿದೆ, ಅದನ್ನು ಬಿಸಾಕಿದ್ದೇನೆ ಎಂದು ಪೋರ್ಟ್ ಹೇಳುವುದು ಇದೇ ಲೆಕ್ಕದಲ್ಲಿ. ಅದು ಏರುತ್ತಿದ್ದರೆ ಸಾಫ್ಟ್‌ವೇರ್ ಸೆಟ್ಟಿಂಗ್ ಹುಡುಕುತ್ತ ಕೂರಬೇಡಿ. ಮೊದಲು ಕೇಬಲ್ ನೋಡಿ.

ಕತ್ತರಿಸಿ ನೋಡಿದಾಗ

100 ಮೆಗಾಬಿಟ್‌ಗೆ ಇಳಿದ ಲಿಂಕ್ ಕಂಡರೆ ಅನುಮಾನಕ್ಕೆ ಒಂದು ಒಳ್ಳೆಯ ಕಾರಣ ಇದೆ. ಕೇಬಲ್ ಒಳಗೆ ನಾಲ್ಕು ಜೋಡಿ ತಂತಿ ಇರುತ್ತವೆ. 100 ಮೆಗಾಬಿಟ್‌ಗೆ ಅದರಲ್ಲಿ ಎರಡೇ ಜೋಡಿ ಸಾಕು: ಪಿನ್ 1 ಮತ್ತು 2, ಪಿನ್ 3 ಮತ್ತು 6. ಒಂದು ಗಿಗಾಬಿಟ್‌ನಿಂದ ಮೇಲೆ ನಾಲ್ಕೂ ಜೋಡಿ ಬೇಕು. ಯಾವ ವೇಗಕ್ಕೆ ಹೋಗೋಣ ಎಂದು ಎರಡು ತುದಿಗಳು ಮಾತಾಡಿಕೊಳ್ಳುವುದು ಮೊದಲ ಎರಡು ಜೋಡಿಗಳ ಮೇಲೆಯೇ. ಹಾಗಾಗಿ ಉಳಿದ ಎರಡರಲ್ಲಿ ಒಂದು ತಂತಿ ಕಡಿದಿದ್ದರೂ ಮಾತುಕತೆ ಸರಿಯಾಗಿಯೇ ಮುಗಿಯುತ್ತದೆ, ಲಿಂಕ್ ಮಾತ್ರ ಮೇಲೇಳುವುದಿಲ್ಲ. ಆಗ ಎಷ್ಟೋ ಸ್ವಿಚ್‌ಗಳು ಸೋತು ಕೆಳಗಿನ ವೇಗಕ್ಕೆ ಇಳಿಯುತ್ತವೆ. ಲೈಟ್ ಹೊಳೆಯುತ್ತದೆ, ಇಂಟರ್‌ನೆಟ್ ಬರುತ್ತದೆ, ಯಾರೂ ಗಮನಿಸುವುದಿಲ್ಲ.

ಪ್ಯಾಚ್ ಕೇಬಲ್ ಒಂದನ್ನೇ ಬದಲಿಸಿದೆ. ಆಕ್ಸೆಸ್ ಪಾಯಿಂಟ್ ತಕ್ಷಣ 2.5 ಗಿಗಾಬಿಟ್‌ಗೆ ಏರಿತು. ಹಳೆಯ ಕೇಬಲ್‌ನ ತುದಿಯನ್ನು ಟಾರ್ಚ್ ಬೆಳಕಿಗೆ ಹಿಡಿದು ನೋಡಿದೆ. ಆರ್‌ಜೆ45 ಪ್ಲಗ್ ಪಾರದರ್ಶಕವಾಗಿದ್ದರೆ ಇದು ತುಂಬ ಸುಲಭ. ಎಂಟು ತಂತಿಯಲ್ಲಿ ಏಳು ಪ್ಲಗ್‌ನ ಮುಂದಿನ ಗೋಡೆಯವರೆಗೆ ಮುಟ್ಟಿದ್ದವು. ಕೊನೆಯದು, ಕಂದು ಬಣ್ಣದ್ದು, ಒಂದೆರಡು ಮಿಲಿಮೀಟರ್ ಹಿಂದೆಯೇ ನಿಂತಿತ್ತು. ಪಿನ್‌ನ ಹಲ್ಲು ಅದರ ಪ್ಲಾಸ್ಟಿಕ್ ಮೇಲೆ ಕೂತಿತ್ತು ಅಷ್ಟೆ, ತಾಮ್ರಕ್ಕೆ ಇಳಿದಿರಲಿಲ್ಲ. ಕೇಬಲ್‌ನ ಹೊರ ಹೊದಿಕೆ ಪ್ಲಗ್ ಒಳಗೆ ಹೋಗಿಯೇ ಇರಲಿಲ್ಲ, ಹೊರಗೆ ನಿಂತಿತ್ತು. ಅಂದರೆ ಕೇಬಲ್ ಎಳೆದಾಗಲೆಲ್ಲ ಆ ಎಳೆತ ನೇರವಾಗಿ ಎಂಟು ಸಣ್ಣ ತಂತಿಗಳ ಮೇಲೆ ಬಿದ್ದಿದೆ. ಕಂದು ತಂತಿ ಜಾರಿದ್ದು ಹಾಗೆ.

ನಾಸ್‌ಗೆ ಹಾಕಿದ್ದ ಕೇಬಲ್ ಇನ್ನೂ ಕುತೂಹಲದ್ದು. ಚಪ್ಪಟೆ ಕೇಬಲ್. ಮೇಲೆ ದೊಡ್ಡದಾಗಿ ಕ್ಯಾಟ್ 7 ಎಂದು ಕೇಬಲ್‌ನ ದರ್ಜೆ ಅಚ್ಚಾಗಿತ್ತು. ತುದಿಯಲ್ಲಿ ಹೊಳೆಯುವ ಲೋಹದ ಪ್ಲಗ್. ಬ್ಲೇಡ್ ಹಿಡಿದು ಉದ್ದಕ್ಕೆ ಸೀಳಿದೆ. ಒಳಗೆ ಹೊರಗಿನ ಗದ್ದಲ ತಡೆಯುವ ಶೀಲ್ಡ್ ಇರಲೇ ಇಲ್ಲ: ಫಾಯಿಲ್ ಇಲ್ಲ, ಲೋಹದ ಬಲೆ ಇಲ್ಲ, ಅರ್ತಿಂಗ್‌ಗೆ ಸೇರುವ ಬರಿ ತಂತಿಯೂ ಇಲ್ಲ. ಲೋಹದ ಪ್ಲಗ್ ಯಾವುದಕ್ಕೂ ಸೇರಿರಲಿಲ್ಲ, ಸುಮ್ನೆ ತೋರಿಕೆಗೆ ಇತ್ತು. ನಾಲ್ಕು ಜೋಡಿಗಳು ಪಕ್ಕಪಕ್ಕದಲ್ಲಿ ಮಲಗಿದ್ದವು. ಹುರಿ ಎಷ್ಟು ಸಡಿಲ ಅಂದರೆ ಕೆಲವು ಕಡೆ ಎರಡು ತಂತಿ ಸಮಾನಾಂತರವಾಗಿಯೇ ಓಡಿದ್ದವು.

ಈ ಹುರಿಯೇ ಕೇಬಲ್‌ನ ಜೀವ. ಒಂದು ಜೋಡಿಯ ಎರಡು ತಂತಿಗಳಲ್ಲಿ ಒಂದೇ ಸಿಗ್ನಲ್ ಎದುರುಬದುರಾಗಿ ಹೋಗುತ್ತದೆ. ಹುರಿ ಇದ್ದರೆ ಹೊರಗಿನ ಗದ್ದಲ ಎರಡರ ಮೇಲೂ ಸಮವಾಗಿ ಬೀಳುತ್ತದೆ, ಆ ಕಡೆ ತುದಿಯಲ್ಲಿ ಕಳೆದುಹೋಗುತ್ತದೆ. ಪಕ್ಕದ ಜೋಡಿಯ ಸಿಗ್ನಲ್ ಇಲ್ಲಿ ನುಸುಳದಿರಲಿ ಎಂದು ನಾಲ್ಕು ಜೋಡಿಗಳಿಗೂ ಬೇರೆ ಬೇರೆ ಅಳತೆಯ ಹುರಿ ಕೊಟ್ಟಿರುತ್ತಾರೆ. 10 ಗಿಗಾಬಿಟ್‌ನಲ್ಲಿ ಪ್ರತಿ ಜೋಡಿಯ ಮೇಲೂ ಸೆಕೆಂಡಿಗೆ 80 ಕೋಟಿ ಸಂಕೇತಗಳು ಹೋಗುತ್ತವೆ, ಒಂದೊಂದಕ್ಕೂ 16 ಮಟ್ಟಗಳಿವೆ. ಮಟ್ಟ ಮಟ್ಟಗಳ ನಡುವಿನ ಅಂತರ ಅಷ್ಟು ಕಡಿಮೆ ಇರುವಾಗ ಸ್ವಲ್ಪ ನುಸುಳಿಕೆಯೂ ದೊಡ್ಡದೇ.

ಒಂದು ತಂತಿಯ ಎಳೆಗಳನ್ನು ಬಿಡಿಸಿ ಬ್ಲೇಡಿನಿಂದ ಕೆರೆದೆ. ಹೊರಗೆ ಕೆಂಪು, ಒಳಗೆ ಬೆಳ್ಳಗೆ. ಅಲ್ಯುಮಿನಿಯಂ ಮೇಲೆ ತಾಮ್ರದ ತೆಳು ಲೇಪನ. ಇದನ್ನು ಸಿಸಿಎ ಅನ್ನುತ್ತಾರೆ. ಇಲ್ಲಿ ಒಂದು ಎಚ್ಚರ ಬೇಕು: ಒಳ್ಳೆಯ ಪ್ಯಾಚ್ ಕೇಬಲ್‌ಗಳಲ್ಲೂ ಕೆಲವೊಮ್ಮೆ ತಾಮ್ರದ ಮೇಲೆ ತವರದ ಕಲಾಯಿ ಇರುತ್ತದೆ. ಅದು ಹೊರಗೆ ಬೆಳ್ಳಗೆ, ಕೆರೆದರೆ ಒಳಗೆ ಕೆಂಪು. ಸಿಸಿಎ ಇದಕ್ಕೆ ಸರಿಯಾಗಿ ಉಲ್ಟಾ. ಆಯಸ್ಕಾಂತ ಹಿಡಿದು ನೋಡುವುದರಿಂದ ಏನೂ ಗೊತ್ತಾಗುವುದಿಲ್ಲ, ತಾಮ್ರವೂ ಅಂಟುವುದಿಲ್ಲ, ಅಲ್ಯುಮಿನಿಯಂ ಕೂಡ ಅಂಟುವುದಿಲ್ಲ. ಗಿಡ್ಡ ಕೇಬಲ್‌ನ ರೋಧವನ್ನು ಸಾಮಾನ್ಯ ಮಲ್ಟಿಮೀಟರ್‌ನಲ್ಲಿ ಅಳೆಯಲೂ ಆಗದು, ಮೀಟರ್‌ನ ಸ್ವಂತ ವೈರ್‌ಗಳ ರೋಧವೇ ಅದಕ್ಕಿಂತ ಜಾಸ್ತಿ. ಕೆರೆದು ನೋಡುವುದೇ ದಾರಿ.

ಹಳೆಯ ರಾಶಿಯಲ್ಲಿ ಇನ್ನೊಂದು ಸಿಕ್ಕಿತು, ಯಾರೋ ಕೈಯಲ್ಲಿ ಕ್ರಿಂಪ್ ಮಾಡಿದ್ದು, ಅಂದರೆ ಪ್ಲಗ್ ಒತ್ತಿ ಕೂರಿಸಿದ್ದು. ಎಂಟು ಲೈಟಿನ ಟೆಸ್ಟರ್‌ಗೆ ಹಾಕಿದರೆ 1ರಿಂದ 8ರವರೆಗೆ ಸಾಲಾಗಿ ಹಸಿರು. ಪ್ಲಗ್‌ನೊಳಗಿನ ಬಣ್ಣ ನೋಡಿದರೆ ಬೇರೆ ಕತೆ. ಕಿತ್ತಳೆ ಜೋಡಿ, ಹಸಿರು ಜೋಡಿ, ನೀಲಿ ಜೋಡಿ, ಕಂದು ಜೋಡಿ ಎಂದು ಒಂದರ ಪಕ್ಕ ಒಂದು ಕೂರಿಸಿದ್ದರು. ಎರಡೂ ಕಡೆ ಹಾಗೇ ಇದ್ದುದರಿಂದ ಟೆಸ್ಟರ್ ಒಪ್ಪಿತು. ಆದರೆ ಈಥರ್ನೆಟ್‌ಗೆ ಪಿನ್ 3 ಮತ್ತು 6 ಒಂದು ಜೋಡಿ, 4 ಮತ್ತು 5 ಇನ್ನೊಂದು ಜೋಡಿ. ಇಲ್ಲಿ 3ಕ್ಕೆ ಹಸಿರಿನ ಒಂದು ತಂತಿ, 6ಕ್ಕೆ ನೀಲಿಯ ಒಂದು ತಂತಿ. ಒಟ್ಟಿಗೆ ಹುರಿಯಾಗಿರಬೇಕಾದ ಎರಡು ತಂತಿ ಬೇರೆ ಬೇರೆ ಜೋಡಿಗಳಲ್ಲಿ ಸೇರಿಹೋಗಿವೆ, ಹುರಿಯಿಂದ ಸಿಗುವ ಲಾಭ ಪೂರ್ತಿ ಹೋಯಿತು. ಟಿ568ಬಿ ಎಂಬ ಬಣ್ಣದ ಕ್ರಮ ಬಾಯಿಪಾಠ ಇದ್ದರೆ ಇಂಥದ್ದು ಕಣ್ಣಿಗೇ ಹೊಡೆಯುತ್ತದೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು.

ಯಾವ ಕ್ಯಾಟ್?

ಕೊಳ್ಳುವಾಗ ಎಲ್ಲರೂ ಮೊದಲು ನೋಡುವುದು ಈ ಸಂಖ್ಯೆಯನ್ನೇ. ಕೇಬಲ್ ಯಾವ ಆವರ್ತನದವರೆಗೆ ಸಿಗ್ನಲ್ ಸರಿಯಾಗಿ ಸಾಗಿಸಬೇಕು ಎಂಬುದರ ದರ್ಜೆ ಅದು: ಕ್ಯಾಟ್ 5ಇ 100 ಮೆಗಾಹರ್ಟ್ಸ್‌ವರೆಗೆ, ಕ್ಯಾಟ್ 6 ಅಂದರೆ 250, ಕ್ಯಾಟ್ 6ಎ 500, ಕ್ಯಾಟ್ 8 ಅಂದರೆ 2000. 2016ರಲ್ಲಿ ಬಂದ 2.5 ಗಿಗಾಬಿಟ್ ಸ್ಟ್ಯಾಂಡರ್ಡ್ ಮಾಡಿದ್ದೇ ಗೋಡೆಯೊಳಗೆ ಆಗಲೇ ಇದ್ದ ಕ್ಯಾಟ್ 5ಇ ಕೇಬಲ್‌ಗಳ ಮೇಲೆ 100 ಮೀಟರ್ ಓಡಲಿ ಎಂದು. 2006ರ 10 ಗಿಗಾಬಿಟ್‌ಗೆ 100 ಮೀಟರ್ ಬೇಕಾದರೆ ಕ್ಯಾಟ್ 6ಎ ಬೇಕು. ಕ್ಯಾಟ್ 6ರಲ್ಲಿ 55 ಮೀಟರ್‌ವರೆಗೆ ಹೋಗುತ್ತದೆ, ಒಂದೇ ಕಟ್ಟಿನಲ್ಲಿ ತುಂಬ ಕೇಬಲ್ ಇದ್ದರೆ ಅದಕ್ಕಿಂತ ಕಡಿಮೆ.

ಅಂದಮೇಲೆ ಅರ್ಧ ಮೀಟರ್‌ಗೆ ಕ್ಯಾಟ್ 6 ಧಾರಾಳ. ಕ್ಯಾಟ್ 5ಇ ಗಿಡ್ಡ ಕೇಬಲ್‌ನಲ್ಲೂ 10 ಗಿಗಾಬಿಟ್ ಲಿಂಕ್ ಏಳುವುದುಂಟು. ಆದರೆ ಸ್ಟ್ಯಾಂಡರ್ಡ್ ಅದಕ್ಕೆ ಯಾವ ಗ್ಯಾರಂಟಿಯನ್ನೂ ಕೊಡುವುದಿಲ್ಲ, ಹೊಸದಾಗಿ ಕೊಳ್ಳುವಾಗ ಅದನ್ನು ನೆಚ್ಚಿಕೊಳ್ಳಲು ಕಾರಣವೂ ಇಲ್ಲ. ನಾನು 2.5 ಗಿಗಾಬಿಟ್ ಪೋರ್ಟ್‌ಗಳಿಗೆ ಕ್ಯಾಟ್ 6, ಎರಡು 10 ಗಿಗಾಬಿಟ್ ಪೋರ್ಟ್‌ಗಳಿಗೆ ಕ್ಯಾಟ್ 6ಎ ತೆಗೆದುಕೊಂಡೆ.

ಕ್ಯಾಟ್ 7 ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ: ಬೇಡ. ಅದು ಐಎಸ್‌ಒ ಸ್ಟ್ಯಾಂಡರ್ಡ್‌ನಲ್ಲಿ ಇದೆ, 600 ಮೆಗಾಹರ್ಟ್ಸ್‌ಗೆ. ಅಮೆರಿಕದ ಸ್ಟ್ಯಾಂಡರ್ಡ್ ಸಂಸ್ಥೆ ಟಿಐಎ ಅದನ್ನು ಒಪ್ಪಿಲ್ಲ. ಐಎಸ್‌ಒ ಪ್ರಕಾರವೂ ಅದಕ್ಕೆ ಜಿಜಿ45 ಅಥವಾ ಟೆರಾ ಎಂಬ ಬೇರೆಯದೇ ಕನೆಕ್ಟರ್ ಇರಬೇಕು. ನಮ್ಮ ಸ್ವಿಚ್‌ಗೆ ಸೇರುವ ಮಾಮೂಲಿ ಆರ್‌ಜೆ45 ಪ್ಲಗ್ ಹಾಕಿ ಮೇಲೆ ಕ್ಯಾಟ್ 7 ಎಂದು ಬರೆದರೆ ಆ ಬರಹಕ್ಕೆ ಅಳತೆಯ ಆಧಾರ ಇರುವುದಿಲ್ಲ. ಒಳಗೆ ಒಳ್ಳೆಯ ಕೇಬಲ್ ಇದ್ದರೂ ಇರಬಹುದು, ನಾನು ಸೀಳಿದಂಥದ್ದೂ ಇರಬಹುದು. ಕ್ಯಾಟ್ 8 ನಿಜವಾದ ಸ್ಟ್ಯಾಂಡರ್ಡ್, ಆರ್‌ಜೆ45 ಪ್ಲಗ್‌ನಲ್ಲೇ ಬರುತ್ತದೆ. ಅದು ಡೇಟಾ ಸೆಂಟರ್‌ನಲ್ಲಿ 30 ಮೀಟರ್ ಒಳಗೆ 25 ಮತ್ತು 40 ಗಿಗಾಬಿಟ್ ಓಡಿಸಲು ಮಾಡಿದ್ದು. 10 ಗಿಗಾಬಿಟ್ ಪೋರ್ಟ್‌ಗೆ ಹಾಕಿದರೆ 10 ಗಿಗಾಬಿಟ್ಟೇ ಸಿಗುತ್ತದೆ, ಜೊತೆಗೆ ಬಗ್ಗಿಸಲಾಗದ ದಪ್ಪ ಕೇಬಲ್ ಸಿಗುತ್ತದೆ.

ಗಿಡ್ಡ ಕೇಬಲ್‌ನಲ್ಲಿ ಸಿಗ್ನಲ್ ಕ್ಷೀಣಿಸುವ ಪ್ರಶ್ನೆಯೇ ಇಲ್ಲ, ಹೀಗಾಗಿ ಯಾವುದಾದರೂ ನಡೆಯುತ್ತದೆ ಎಂದು ಹೇಳುವವರಿದ್ದಾರೆ. ಮೊದಲ ಅರ್ಧ ಸರಿ. ಆದರೆ ಗಿಡ್ಡ ಕೇಬಲ್‌ನಲ್ಲಿ ಕೆಡುವ ಜಾಗವೇ ಬೇರೆ, ಅದು ಪ್ಲಗ್. ಪ್ಲಗ್ ಒಳಗೆ ಹುರಿ ಬಿಚ್ಚಿ ತಂತಿಗಳನ್ನು ಸಾಲಾಗಿ ಹರಡಲೇಬೇಕು. ಜೋಡಿಯಿಂದ ಜೋಡಿಗೆ ನುಸುಳುವುದು, ಸಿಗ್ನಲ್ ಪುಟಿದು ವಾಪಸ್ ಬರುವುದು, ಎರಡೂ ಅಲ್ಲೇ. ಉದ್ದ ಕೇಬಲ್‌ನಲ್ಲಿ ಆ ಕಡೆ ಪ್ಲಗ್‌ನಿಂದ ಪುಟಿದದ್ದು ಇಲ್ಲಿಗೆ ಬರುವಷ್ಟರಲ್ಲಿ ಕ್ಷೀಣಿಸಿರುತ್ತದೆ. 30 ಸೆಂಟಿಮೀಟರ್ ಕೇಬಲ್‌ನಲ್ಲಿ ಎರಡೂ ಪ್ಲಗ್‌ಗಳ ದೋಷ ಪೂರ್ತಿ ಬಲದಲ್ಲಿ ಕಾಣುತ್ತದೆ. ಆದ್ದರಿಂದ ಗಿಡ್ಡ ಕೇಬಲ್ ಕೊಳ್ಳುವಾಗ ತುದಿಗಳ ಕೆಲಸಕ್ಕೆ ದುಡ್ಡು ಕೊಡಬೇಕು. ಫ್ಯಾಕ್ಟರಿಯಲ್ಲೇ ಪ್ಲಗ್ ಹಾಕಿ, ಒಂದೊಂದನ್ನೂ ಅಳತೆ ಮಾಡಿ, ವರದಿ ಕೊಡುವ ತಯಾರಕರಿದ್ದಾರೆ. ಅಂಥವರದನ್ನೇ ಹುಡುಕಿದೆ.

ಕೈಯಲ್ಲೇ ಕ್ರಿಂಪ್ ಮಾಡಬಹುದಿತ್ತಲ್ಲ ಎಂದು ಕೇಳಬಹುದು. ಕ್ರಿಂಪಿಂಗ್ ನನಗೆ ಇಷ್ಟದ ಕೆಲಸವೇ. ಆದರೆ ಉಳಿದ ಗೋಡೆ ಕೇಬಲ್ ತುಂಡಿನಿಂದ ಪ್ಯಾಚ್ ಕೇಬಲ್ ಮಾಡುವುದು ಸರಿಯಲ್ಲ. ಗೋಡೆಯ ಕೇಬಲ್‌ನಲ್ಲಿ ಒಂದೊಂದು ತಂತಿಯೂ ಒಂದೇ ಗಟ್ಟಿ ತಾಮ್ರ. ಪದೇ ಪದೇ ಬಗ್ಗಿಸಿದರೆ ಒಳಗೇ ಮುರಿಯುತ್ತದೆ. ಪ್ಯಾಚ್ ಕೇಬಲ್‌ನಲ್ಲಿ ಒಂದು ತಂತಿ ಅಂದರೆ ಏಳು ಸಣ್ಣ ಎಳೆ, ಬಗ್ಗಿದರೂ ತಾಳುತ್ತದೆ. ಪ್ಲಗ್‌ನ ಹಲ್ಲುಗಳೂ ಎರಡಕ್ಕೂ ಬೇರೆ: ಎಳೆ ತಂತಿಗೆ ಚುಚ್ಚಿ ಒಳಹೋಗುವ ಹಲ್ಲು, ಗಟ್ಟಿ ತಂತಿಗೆ ಎರಡೂ ಬದಿಯಿಂದ ಕವಚಿ ಹಿಡಿಯುವ ಹಲ್ಲು. ಎರಡನ್ನೂ ಅದಲುಬದಲು ಮಾಡಿದರೆ ಇವತ್ತು ಲಿಂಕ್ ಬರುತ್ತದೆ, ಕೆಲವು ತಿಂಗಳಾದ ಮೇಲೆ ಬಿಟ್ಟು ಬಿಟ್ಟು ಬರುತ್ತದೆ. ಎಳೆ ತಂತಿಯ ಕ್ಯಾಟ್ 6ಎ ಕೇಬಲ್, ಅದಕ್ಕೆ ತಕ್ಕ ಪ್ಲಗ್, ಅಳೆಯುವ ಸರ್ಟಿಫೈಯರ್ ಯಂತ್ರ, ಮೂರೂ ಇದ್ದವರು ಮಾಡಿಕೊಳ್ಳಲಿ.

ಉದ್ದ ಅಳೆದದ್ದು

ಈ ಭಾಗಕ್ಕೆ ಅತಿ ಹೆಚ್ಚು ಹೊತ್ತು ಹಿಡಿಯಿತು. ಅಷ್ಟು ಹೊತ್ತು ಕೊಟ್ಟಿದ್ದು ಸಾರ್ಥಕವಾಯಿತು.

ಟೇಪ್ ಹಿಡಿದು ಪೋರ್ಟ್‌ನಿಂದ ಪೋರ್ಟ್‌ಗೆ ನೇರ ಅಳೆದರೆ ತಪ್ಪು ಲೆಕ್ಕ ಸಿಗುತ್ತದೆ. ಕೇಬಲ್ ನೇರ ಹೋಗುವುದಿಲ್ಲ. ಪ್ಲಗ್‌ನಿಂದ ಮುಂದಕ್ಕೆ ಬಂದು, ಬಾಗಿ, ಕೆಳಗಿಳಿದು, ಮತ್ತೆ ಬಾಗಿ ಒಳಹೋಗಬೇಕು. ಒಂದು ದಪ್ಪ ದಾರ ತೆಗೆದುಕೊಂಡು ಆ ದಾರಿಯಲ್ಲೇ ಇಟ್ಟು ನೋಡಿದೆ. ರ‍್ಯಾಕ್‌ನಲ್ಲಿ ಒಂದು ಯು (ಒಂದು ಅಂತಸ್ತು) ಎತ್ತರ 44.45 ಮಿಲಿಮೀಟರ್. ಪ್ಯಾನೆಲ್ ಕೆಳಗೇ ಸ್ವಿಚ್ ಇದ್ದರೆ ಎದುರುಬದುರಿನ ಪೋರ್ಟ್‌ಗಳಿಗೆ 15 ಸೆಂಟಿಮೀಟರ್ ಕೇಬಲ್ ಸಾಕಾಗುತ್ತದೆ. ಆದರೆ ಪೋರ್ಟ್‌ಗಳು ಒಂದಕ್ಕೊಂದು ನೇರವಾಗಿದ್ದರೆ ಮಾತ್ರ. ನನ್ನ ಸ್ವಿಚ್‌ನ ಪೋರ್ಟ್‌ಗಳೆಲ್ಲ ಬಲಕ್ಕೆ ಒತ್ತಾಗಿದ್ದವು, ಪ್ಯಾನೆಲ್‌ನ ಪೋರ್ಟ್‌ಗಳು ಪೂರ್ತಿ ಅಗಲಕ್ಕೆ ಹರಡಿದ್ದವು. ಕೇಬಲ್ ಓರೆಯಾಗಿ ಎಳೆದುಕೊಂಡು ನಿಂತರೆ ಪ್ಲಗ್ ಪೋರ್ಟ್ ಒಳಗೆ ಒಂದು ಬದಿಗೆ ವಾಲುತ್ತದೆ, ಎಂಟು ಪಿನ್‌ಗಳ ಒತ್ತಡ ಸಮವಾಗಿರುವುದಿಲ್ಲ. ಅದಕ್ಕೇ ಪ್ಯಾನೆಲ್‌ನಲ್ಲೇ ಬಳಕೆಯಲ್ಲಿರುವ ಪೋರ್ಟ್‌ಗಳನ್ನು ಸ್ವಿಚ್‌ಗೆ ಹತ್ತಿರದ ಬದಿಗೆ ಬದಲಿಸಿಕೊಂಡೆ. ಕೀಸ್ಟೋನ್ ಮಾದರಿಯ ಪ್ಯಾನೆಲ್, ಅಂದರೆ ಪೋರ್ಟ್‌ಗಳೆಲ್ಲ ಬಿಡಿ ತುಂಡುಗಳು, ಹಿಂದಿನಿಂದ ಒತ್ತಿ ತೆಗೆದು ಬೇರೆ ಕಿಂಡಿಗೆ ಹಾಕಿದರಾಯಿತು. ಆಮೇಲೆ ಹೆಚ್ಚಿನವಕ್ಕೆ 30 ಸೆಂಟಿಮೀಟರ್ ಸರಿಹೋಯಿತು, ನಾಸ್‌ಗೆ 50.

ಬಾಗಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕೇಬಲ್‌ನ ದಪ್ಪದ ನಾಲ್ಕು ಪಟ್ಟಿಗಿಂತ ಚಿಕ್ಕ ತ್ರಿಜ್ಯದಲ್ಲಿ ಬಗ್ಗಿಸಬಾರದು ಎನ್ನುವುದನ್ನು ನಾನು ಪಾಲಿಸುತ್ತೇನೆ. 6 ಮಿಲಿಮೀಟರ್ ದಪ್ಪದ ಕ್ಯಾಟ್ 6ಎ ಅಂದರೆ 24 ಮಿಲಿಮೀಟರ್ ಬಾಗು. ಪೋರ್ಟ್‌ನಿಂದ ಹೊರಗೆ ಉಳಿಯುವ ಪ್ಲಗ್ ಮತ್ತು ಅದರ ರಬ್ಬರ್ ಬೂಟ್ ಸೇರಿಸಿದರೆ ಒಟ್ಟು 6 ಸೆಂಟಿಮೀಟರ್‌ಗೂ ಜಾಸ್ತಿ ಜಾಗ ಬೇಕು. ಗೋಡೆ ರ‍್ಯಾಕ್‌ನ ಗಾಜಿನ ಬಾಗಿಲಿಗೂ ಸ್ವಿಚ್‌ಗೂ ನಡುವೆ ಅಷ್ಟು ಇರುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಇಲ್ಲಿ ಇರಲಿಲ್ಲ. ರ‍್ಯಾಕ್‌ನ ಮುಂದಿನ ಕಂಬಗಳನ್ನು ಒಂದು ತೂತು ಹಿಂದಕ್ಕೆ ಸರಿಸಿ ಜಾಗ ಮಾಡಿದೆ.

ಎಷ್ಟು ಸಣ್ಣ ತಂತಿ?

ಪ್ಯಾಚ್ ಕೇಬಲ್ ಮೇಲೆ ಅಚ್ಚಾಗಿರುವ ಎಡಬ್ಲ್ಯುಜಿ ಸಂಖ್ಯೆ ತಂತಿಯ ದಪ್ಪ ಹೇಳುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ತಂತಿ ಸಣ್ಣ. 24 ಅಂದರೆ ಅರ್ಧ ಮಿಲಿಮೀಟರ್, 28 ಅಂದರೆ 0.32 ಮಿಲಿಮೀಟರ್. ಅಕ್ಷರ ತೀರ ಚಿಕ್ಕದು, ಫೋನ್ ಕ್ಯಾಮೆರಾದಲ್ಲಿ ಫೋಟೊ ತೆಗೆದು ಹಿಗ್ಗಿಸಿ ಓದುವುದು ಸುಲಭ. ಆ ಸಾಲಿನಲ್ಲಿ ಕ್ಯಾಟ್ ಸಂಖ್ಯೆ, ಎಡಬ್ಲ್ಯುಜಿ, ಶೀಲ್ಡ್ ಬಗೆ ಇರಬೇಕು. ಬರೀ ದೊಡ್ಡಕ್ಷರದಲ್ಲಿ ಕ್ಯಾಟ್ ಸಂಖ್ಯೆ ಮಾತ್ರ ಇದ್ದು ಬೇರೇನೂ ಇಲ್ಲದಿದ್ದರೆ ನಾನು ಅದನ್ನು ಮುಟ್ಟುವುದಿಲ್ಲ.

28 ಎಡಬ್ಲ್ಯುಜಿಯ ಸಪೂರ ಕೇಬಲ್‌ಗಳು 4 ಮಿಲಿಮೀಟರ್‌ಗಿಂತಲೂ ಸಣ್ಣ ಸಿಗುತ್ತವೆ. ಸುಲಭವಾಗಿ ಬಗ್ಗುತ್ತವೆ, ಪೋರ್ಟ್ ಮೇಲೆ ಭಾರ ಬೀಳುವುದಿಲ್ಲ, ಸ್ವಿಚ್‌ನ ಗಾಳಿ ಕಿಂಡಿಗಳು ತೆರೆದೇ ಇರುತ್ತವೆ. ಸಣ್ಣ ತಂತಿಯಲ್ಲಿ ಸಿಗ್ನಲ್ ಹೆಚ್ಚು ಕ್ಷೀಣಿಸುತ್ತದೆ ಎನ್ನುವುದು ನಿಜ. ಅದಕ್ಕೇ 2018ರ ಟಿಐಎ ಸ್ಟ್ಯಾಂಡರ್ಡ್ ಇವನ್ನು ಒಪ್ಪುವಾಗ ಒಂದು ಲಿಂಕ್‌ನಲ್ಲಿ ಇಂಥ ಕೇಬಲ್ ಒಟ್ಟು 15 ಮೀಟರ್ ಮೀರದಿರಲಿ ಎಂದಿತು. ನಮಗೆ ಬೇಕಿರುವುದು ಅರ್ಧ ಮೀಟರ್.

ಪಿಒಇ ಬಗ್ಗೆ ಭಯ ಬೇರೆ. ಇಷ್ಟು ಸಣ್ಣ ತಂತಿಯಲ್ಲಿ ಕರೆಂಟ್ ಕಳಿಸಿದರೆ ಬಿಸಿ ಆಗುವುದಿಲ್ಲವೇ? ಲೆಕ್ಕ ಹಾಕಿಯೇ ನೋಡಿದೆ. 30 ವಾಟ್‌ನ ಪಿಒಇ ಪ್ಲಸ್‌ನಲ್ಲಿ 600 ಮಿಲಿಆಂಪ್ ಹರಿಯುತ್ತದೆ, ಎರಡು ತಂತಿಯಲ್ಲಿ ಹೋಗಿ ಎರಡು ತಂತಿಯಲ್ಲಿ ವಾಪಸ್. 28 ಎಡಬ್ಲ್ಯುಜಿ ತಾಮ್ರದ ರೋಧ ಮೀಟರ್‌ಗೆ ಸುಮಾರು 0.21 ಓಮ್. ಅರ್ಧ ಮೀಟರ್ ಕೇಬಲ್‌ನಲ್ಲಿ ಹೋಗಿ ಬರುವ ದಾರಿ ಸೇರಿ ಸುಮಾರು 0.1 ಓಮ್. ವ್ಯರ್ಥವಾಗುವ ಶಕ್ತಿ 0.04 ವಾಟ್. ಇಡೀ ಲಿಂಕ್‌ಗೆ ಸ್ಟ್ಯಾಂಡರ್ಡ್ ಬಿಟ್ಟುಕೊಟ್ಟಿರುವ ನಷ್ಟ 4.5 ವಾಟ್, ಅದರ ಮುಂದೆ ಇದು ಏನೂ ಅಲ್ಲ. ಹತ್ತಿಪ್ಪತ್ತು ಕೇಬಲ್‌ಗಳನ್ನು ಬಿಗಿಯಾಗಿ ಒಂದೇ ಕಟ್ಟು ಮಾಡಿ, ಎಲ್ಲದರಲ್ಲೂ 60 ಅಥವಾ 90 ವಾಟ್ ಓಡಿಸುವವರು ಬಿಸಿಯ ಬಗ್ಗೆ ಯೋಚಿಸಬೇಕು. ಸಿಸಿಎ ಆದರೆ ಈ ಲೆಕ್ಕವೇ ಬೇರೆ, ಅಲ್ಯುಮಿನಿಯಂನ ರೋಧ ತಾಮ್ರಕ್ಕಿಂತ ಅರ್ಧಕ್ಕೂ ಹೆಚ್ಚು ಪಾಲು ಜಾಸ್ತಿ, ಜೊತೆಗೆ ಬಗ್ಗಿಸಿದಲ್ಲಿ ಬೇಗ ಮುರಿಯುತ್ತದೆ.

2.5 ಗಿಗಾಬಿಟ್ ಪೋರ್ಟ್‌ಗಳಿಗೆ ಈ ಸಪೂರ ಕೇಬಲ್‌ಗಳೇ ಬಂದವು. 10 ಗಿಗಾಬಿಟ್ ಎರಡಕ್ಕೆ 26 ಎಡಬ್ಲ್ಯುಜಿ.

ಶೀಲ್ಡ್ ವಿಷಯ ಬೇಗ ಮುಗಿಯಿತು. ಎಫ್/ಯುಟಿಪಿ, ಎಸ್/ಎಫ್‌ಟಿಪಿ ಎಂಬ ಹೆಸರುಗಳಲ್ಲಿ ಗೆರೆಗೆ ಮೊದಲಿರುವ ಅಕ್ಷರ ಇಡೀ ಕೇಬಲ್‌ನ ಹೊದಿಕೆಯದ್ದು, ಗೆರೆಯ ಆಮೇಲಿನದು ಒಂದೊಂದು ಜೋಡಿಯದ್ದು. ಶೀಲ್ಡ್‌ನಿಂದ ಪ್ರಯೋಜನ ಆಗಬೇಕಾದರೆ ಪ್ಲಗ್, ಪೋರ್ಟ್, ಪ್ಯಾನೆಲ್ ಎಲ್ಲ ಲೋಹದ್ದಾಗಿ, ರ‍್ಯಾಕ್ ಸರಿಯಾಗಿ ಅರ್ತಿಂಗ್ ಆಗಿರಬೇಕು. ನನ್ನ ಪ್ಯಾನೆಲ್‌ನ ಕೀಸ್ಟೋನ್‌ಗಳು ಪ್ಲಾಸ್ಟಿಕ್, ಗೋಡೆಯ ಕೇಬಲ್‌ಗೂ ಶೀಲ್ಡ್ ಇಲ್ಲ. ನಡುವೆ ಒಂದು ಮೊಳಕ್ಕೂ ಕಡಿಮೆ ಉದ್ದ ಶೀಲ್ಡ್ ಹಾಕಿ ಸಾಧಿಸುವುದೇನೂ ಇಲ್ಲ. ಎಲ್ಲವೂ ಯು/ಯುಟಿಪಿ, ಅಂದರೆ ಶೀಲ್ಡ್ ಇಲ್ಲದವು.

ಬೂಟ್ ಮಾತ್ರ ಕೈಯಲ್ಲಿ ಹಿಡಿದು ನೋಡಿಯೇ ತೆಗೆದುಕೊಳ್ಳಬೇಕಾದದ್ದು. ಕ್ಲಿಪ್ ಮುರಿಯದಿರಲಿ ಎಂದು ಅದರ ಮೇಲೆ ರಬ್ಬರ್ ಮುಚ್ಚಳ ಇಟ್ಟಿರುತ್ತಾರೆ. ಕೆಲವದರಲ್ಲಿ ಆ ರಬ್ಬರ್ ಎಷ್ಟು ಗಟ್ಟಿ ಅಂದರೆ ಅಕ್ಕಪಕ್ಕ ಕೇಬಲ್ ತುಂಬಿದ ಮೇಲೆ ಬೆರಳು ಹಾಕಿ ಒತ್ತಲು ಆಗುವುದೇ ಇಲ್ಲ, ಸ್ಕ್ರೂಡ್ರೈವರ್ ತುದಿ ಬೇಕಾಗುತ್ತದೆ. ಇನ್ನು ಕೆಲವು ಪೋರ್ಟ್‌ಗಿಂತ ಅಗಲ, ಪಕ್ಕದ ಪ್ಲಗ್ ಪೂರ್ತಿ ಒಳಹೋಗಲು ಬಿಡುವುದಿಲ್ಲ. ಎರಡು ಪ್ಲಗ್‌ಗಳನ್ನು ಅಕ್ಕಪಕ್ಕದ ಪೋರ್ಟ್‌ಗೆ ಹಾಕಿ, ಎರಡೂ ಟಕ್ ಎಂದು ಕೂತವೇ, ಒಂದೇ ಬೆರಳಿನಲ್ಲಿ ಬಿಡಿಸಲು ಆಗುತ್ತದೆಯೇ ಎಂದು ನೋಡಿದರೆ ಸಾಕು.

ಎರಡು ಸ್ವಿಚ್‌ಗಳ ನಡುವೆ ಡಿಎಸಿ

ಹಳೆಯ ಸ್ವಿಚ್‌ನಲ್ಲೂ ಒಂದು ಎಸ್‌ಎಫ್‌ಪಿ ಪ್ಲಸ್ ಕಿಂಡಿ ಇತ್ತು. ಎರಡನ್ನೂ ಜೋಡಿಸಲು ಆರ್‌ಜೆ45 ಮಾಡ್ಯೂಲ್ ಹಾಕಿ ಪ್ಯಾಚ್ ಕೇಬಲ್ ಎಳೆಯಬಹುದಿತ್ತು. ಬೇಡವೆನಿಸಿತು. 10 ಗಿಗಾಬಿಟ್‌ನ ಆರ್‌ಜೆ45 ಮಾಡ್ಯೂಲ್ ಹೆಚ್ಚಾಗಿ ಎರಡು ವಾಟ್‌ಗೂ ಮೀರಿ ತಿನ್ನುತ್ತದೆ, ಮುಟ್ಟಿದರೆ ಕೈ ಸುಡುವಷ್ಟು ಬಿಸಿ ಇರುತ್ತದೆ. ಡಿಎಸಿ ಅಂದರೆ ಎರಡೂ ತುದಿಗೆ ಎಸ್‌ಎಫ್‌ಪಿ ಪ್ಲಸ್ ತಲೆ ಇರುವ ತಾಮ್ರದ ಗಿಡ್ಡ ಕೇಬಲ್. ಅದರಲ್ಲಿ ಸಂಕೇತವನ್ನು ಬಿಡಿಸಿ ಮತ್ತೆ ಕಟ್ಟುವ ಕೆಲಸವಿಲ್ಲ. ತಲೆಯಲ್ಲಿ ಬಳಕೆಯಾಗುವ ಶಕ್ತಿ ಲೆಕ್ಕಕ್ಕೇ ಬಾರದಷ್ಟು, ವಿಳಂಬವೂ ಆರ್‌ಜೆ45 ದಾರಿಗಿಂತ ಕಡಿಮೆ. ಒಂದೇ ರ‍್ಯಾಕ್ ಒಳಗೆ ಎರಡೂ ಕಡೆ ಎಸ್‌ಎಫ್‌ಪಿ ಪ್ಲಸ್ ಇದ್ದರೆ ಬೇರೆ ಯೋಚನೆಯೇ ಬೇಡ ಎನ್ನುವುದು ನನ್ನ ಮಾತು. ಆದರೆ ಕೆಲವು ಸ್ವಿಚ್‌ಗಳು ಬೇರೆ ಕಂಪನಿಯ ಕೋಡ್ ಇರುವ ತಲೆಯನ್ನು ಒಪ್ಪುವುದಿಲ್ಲ, ಕೊಳ್ಳುವ ಮೊದಲು ಎರಡೂ ಸ್ವಿಚ್‌ಗಳ ಪಟ್ಟಿ ನೋಡಿಕೊಳ್ಳಬೇಕು. ಡಿಎಸಿ ಕೇಬಲ್ ಬಿರುಸು, ಅದಕ್ಕೆ 30 ಸೆಂಟಿಮೀಟರ್ ಬೇಡ, ಅರ್ಧ ಮೀಟರ್ ತೆಗೆದುಕೊಂಡು ಬದಿಯಿಂದ ದೊಡ್ಡ ಸುತ್ತು ಕೊಟ್ಟೆ.

ಹಾಕಿದ್ದು, ಅಳೆದದ್ದು

ಒಂದೊಂದೇ ಕೇಬಲ್ ಬದಲಿಸಿದೆ. ಎಲ್ಲ ಒಟ್ಟಿಗೆ ಕಿತ್ತರೆ ಯಾವುದು ಎಲ್ಲಿಗೆ ಎಂದು ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಪ್ಲಗ್ ಹಾಕಿದ ತಕ್ಷಣ ಸ್ವಿಚ್‌ನ ಪುಟದಲ್ಲಿ ಲಿಂಕ್ ವೇಗ ನೋಡಿ, ಎರಡೂ ತುದಿಗೆ ಪ್ಯಾನೆಲ್ ಪೋರ್ಟ್ ಸಂಖ್ಯೆಯ ಚೀಟಿ ಅಂಟಿಸಿದೆ. ಆಕ್ಸೆಸ್ ಪಾಯಿಂಟ್‌ಗೆ ನೀಲಿ, ಕಂಪ್ಯೂಟರ್‌ಗಳಿಗೆ ಬೂದು, ನಾಸ್‌ಗೆ ಕೆಂಪು. ಕಟ್ಟಲು ಪ್ಲಾಸ್ಟಿಕ್ ಟೈ ಬದಲು ವೆಲ್ಕ್ರೊ ಪಟ್ಟಿ. ಪ್ಲಾಸ್ಟಿಕ್ ಟೈ ಬಿಗಿದಲ್ಲಿ ಕೇಬಲ್ ಅಮುಕಿ ಒಳಗಿನ ಜೋಡಿಗಳ ಆಕಾರ ಕೆಡುತ್ತದೆ.

ಆಮೇಲೆ ಟೆಸ್ಟ್. ನೆಟ್‌ವರ್ಕ್ ವೇಗ ಅಳೆಯುವ ಐಪರ್ಫ್ 3 ಪ್ರೋಗ್ರಾಂ ಅನ್ನು ನಾಸ್‌ನಲ್ಲೂ ಕಂಪ್ಯೂಟರ್‌ನಲ್ಲೂ ಓಡಿಸಿದೆ, ಎರಡೂ ದಿಕ್ಕಿಗೆ. 10 ಗಿಗಾಬಿಟ್ ಲಿಂಕ್‌ನಲ್ಲಿ 9.4 ಗಿಗಾಬಿಟ್ ಬಂದರೆ ಅದು ಪೂರ್ತಿ ವೇಗವೇ. ಉಳಿದದ್ದು ಪ್ಯಾಕೆಟ್‌ಗಳ ತಲೆಬರಹಕ್ಕೆ ಹೋಗುತ್ತದೆ. ಅದೇ ಲೆಕ್ಕದಲ್ಲಿ 2.5ಕ್ಕೆ 2.35, ಒಂದು ಗಿಗಾಬಿಟ್‌ಗೆ 941 ಮೆಗಾಬಿಟ್. ನಾಸ್‌ಗೆ 9.4 ಬಂತು, ಕುಸಿತವಿಲ್ಲ.

ವೇಗಕ್ಕಿಂತ ನಾನು ಹೆಚ್ಚು ನಂಬುವುದು ಎರರ್ ಲೆಕ್ಕವನ್ನು. ಲಿನಕ್ಸ್‌ನಲ್ಲಿ ಇಥ್‌ಟೂಲ್ ಕೊಡುವ ಪೋರ್ಟ್ ಅಂಕಿಗಳನ್ನು ಬರೆದಿಟ್ಟುಕೊಂಡು, ರಾತ್ರಿಯಿಡೀ ಕಾಪಿ ಓಡಿಸಿ, ಬೆಳಿಗ್ಗೆ ಮತ್ತೆ ನೋಡಿದೆ. 10 ಗಿಗಾಬಿಟ್‌ಗೆ ಸ್ಟ್ಯಾಂಡರ್ಡ್ ಒಪ್ಪುವ ತಪ್ಪು ಒಂದು ಲಕ್ಷ ಕೋಟಿ ಬಿಟ್‌ಗೆ ಒಂದು. ಪೂರ್ತಿ ವೇಗದಲ್ಲಿ ಅಷ್ಟು ಬಿಟ್ 100 ಸೆಕೆಂಡಿನಲ್ಲೇ ಹೋಗಿಬಿಡುತ್ತವೆ, ಹಾಗಾಗಿ ರಾತ್ರಿಯಲ್ಲಿ ಬೆರಳೆಣಿಕೆಯಷ್ಟು ತಪ್ಪು ಕಂಡಿದ್ದರೂ ನಿಯಮದ ಒಳಗೇ ಇರುತ್ತಿತ್ತು. ಸಿಆರ್‌ಸಿ ಎರರ್ ಒಂದೂ ಏರಿರಲಿಲ್ಲ. ಒಳ್ಳೆಯ ಗಿಡ್ಡ ಕೇಬಲ್‌ನಿಂದ ನಾನು ಕೇಳುವುದೇ ಸೊನ್ನೆ. ಕೊನೆಯದಾಗಿ ಐಪರ್ಫ್ ಓಡುತ್ತಿರುವಾಗಲೇ ಪ್ರತಿ ಪ್ಲಗ್‌ನ ಹತ್ತಿರ ಕೇಬಲ್ ಹಿಡಿದು ಮೆಲ್ಲಗೆ ಎಡಬಲ, ಮೇಲೆ ಕೆಳಗೆ ಅಲುಗಿಸಿದೆ. ಹಲ್ಲು ಸರಿಯಾಗಿ ಕಚ್ಚಿರದ ಪ್ಲಗ್ ಇಲ್ಲೇ ಸಿಕ್ಕಿಬೀಳುತ್ತದೆ. ಒಂದು ಸಪೂರ ಕೇಬಲ್ ಹೀಗೆ ಸಿಕ್ಕಿಬಿತ್ತು, ಅಲುಗಿಸಿದಾಗ ಲಿಂಕ್ ಒಂದು ಕ್ಷಣ ಹೋಗಿ ಬಂತು. ಅದನ್ನು ವಾಪಸ್ ಕಳಿಸಿ ಬದಲು ತರಿಸಿದೆ.

ಸೀಳದೆ ಉಳಿದ ಹಳೆಯವುಗಳಲ್ಲಿ ನಿಜವಾದ ತಾಮ್ರದ ಕ್ಯಾಟ್ 5ಇ ಕೇಬಲ್‌ಗಳನ್ನು ಇಟ್ಟುಕೊಂಡಿದ್ದೇನೆ, ಕ್ಯಾಮೆರಾ ಸ್ವಿಚ್‌ಗೆ ಅವು ಸಾಕು. ಬಣ್ಣ ತಪ್ಪಿದ್ದನ್ನೂ ಚಪ್ಪಟೆಯವನ್ನೂ ಎರಡೂ ತುದಿಯ ಪ್ಲಗ್ ಕತ್ತರಿಸಿಯೇ ಇ-ಕಸಕ್ಕೆ ಹಾಕಿದೆ. ಪ್ಲಗ್ ಇದ್ದರೆ ಯಾರಾದರೂ ಎತ್ತಿಕೊಂಡು ಮತ್ತೆ ಎಲ್ಲಾದರೂ ಹಾಕುತ್ತಾರೆ.